ತಾರಾಬಾಯಿಯ ಗೆರೆಗಳು

ತುಟಿಯ ಇಕ್ಕೆಲದ ಎರಡು ಗೆರೆಗಳು ಇಲ್ಲವಾದ ದಿನವನ್ನು ಇತಿಹಾಸ ಗುರುತಿಸಿಟ್ಟುಕೊಳ್ಳಬೇಕು ಎಂದು ಸೋಮವಾರ ಮುಂಜಾನೆ ಮಾನಸಿಗೆ ಅನಿಸಿತು. ಧಾರವಾಡದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷ ಇತಿಹಾಸ ಕಲಿಸಿದವಳಿಗೆ ಅಷ್ಟು ಹಕ್ಕಿತ್ತು.

ಕನ್ನಡಿಯಲ್ಲಿನ ಮುಖ ಕೆಂಪಗೆ ಊದಿಕೊಂಡಿತ್ತು. ಮೂಗಿನ ಪಕ್ಕದ ಚರ್ಮ ಉಳ್ಳಾಗಡ್ಡಿ ಸಿಪ್ಪೆಯಂತೆ ಎದ್ದಿತ್ತು. ಆದರೆ ಗೆರೆಗಳಿರಲಿಲ್ಲ.

ಅವು ಅವಳ ಗೆರೆಗಳೇ ಅಲ್ಲ. ತೀರಿಕೊಂಡ ಅವ್ವ ತಾರಾಬಾಯಿಯವು. ಐವತ್ತು ತುಂಬುತ್ತಲೇ ಮಗಳ ಮುಖಕ್ಕೆ ಬಂದು ಕೂತಿದ್ದವು. ಅಂದಿನಿಂದ, ನೆನಪು ಕಳೆದುಕೊಳ್ಳುತ್ತಿದ್ದ ಅಪ್ಪ ಯಜ್ಞೇಶ್ವರ ಅವಳನ್ನು 'ತಾರಾ' ಎಂದೇ ಕರೆಯತೊಡಗಿದ್ದರು. ಅನ್ನ, ಗುಳಿಗೆ, ಚಹಾ ಏನಿದ್ದರೂ ತಾರಾ ಕೊಟ್ಟರಷ್ಟೇ. ಒಮ್ಮೆಯಾದರೂ ಅವರ ಬಾಯಲ್ಲಿ 'ಮಾನಸಿ' ಕೇಳಬೇಕೆಂದು ಅವಳು ಹುಬ್ಬಳ್ಳಿಯ ಚರ್ಮದ ಡಾಕ್ಟರ್ ಫಿಜಾ ಬಳಿ ಹೋಗಿದ್ದಳು. ಕಾರಣ ಹೇಳಿರಲಿಲ್ಲ. ಫಿಜಾ ಗೆರೆ ತಿಳಿಗೊಳಿಸಲು ರೆಟಿನಾಯ್ಡ್ ಮುಲಾಮು, ಮೇಲ್ಪದರ ಸುಲಿಯಲು ಗ್ಲೈಕಾಲಿಕ್ ಆಸಿಡ್ ಬರೆದಿದ್ದಳು.

ಈಗ ಮಾನಸಿ ಅವಳಿಗೆ ಫೋನ್ ಮಾಡಿದಳು.

"ಒಂದು ಸಂಜಿ ಅದು, ಒಂದು ಸಂಜಿ ಇದು ಅಂತ ಬರದಿದ್ನೆಲ್ರಿ, ಮೇಡಂ?"

"ಬರದಿದ್ರಿ."

"ಮತ್ತ?"

"ಎರಡೂ ಕೂಡೇ ಹಚ್ಚಿದೆ. ಲಗೂ ಆಗ್ಲಿ ಅಂತ."

"ಕಾಲೇಜಿನಾಗ ಕಲಸೋರ ಹಿಂಗ ಮಾಡಿದ್ರ!" ಫಿಜಾ ನಕ್ಕಳೋ, ಬೈದಳೋ. "ಎಲ್ಲಾ ಬಂದ್ ಮಾಡ್ರಿ. ಬಾವು ಬಂದದ್ದಕ್ಕ ಗೆರಿ ಕಾಣವಲ್ವು, ಅಷ್ಟ."

"ಎಷ್ಟು ದಿನಾ ಇರ್ತದ್ರಿ?"

"ಬಾವೋ, ಗೆರೀನೋ?"

ಮಾನಸಿ ಫೋನ್ ಇಟ್ಟಳು.

ಅಪ್ಪ ಪಡಸಾಲೆಯಲ್ಲಿ ಕೂತಿದ್ದರು. ಅವಳು ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದು ಎದುರು ಹಿಡಿದಳು. ಅವರು ದಿಟ್ಟಿಸಿದರು. ಎದ್ದು ನಿಂತು ಧೋತರ ಸರಿಪಡಿಸಿಕೊಂಡರು.

"ಬರ್ರಿ, ಕೂಡ್ರಿ. ಮಾರಿಗೇನಾತ್ರಿ? ಸುಟ್ಟುಕೊಂಡ್ರೇನು?" ಒಳಗೆ ತಿರುಗಿ ಕೂಗಿದರು: "ತಾರಾ, ಯಾರೋ ಬಾಯಾರು ಬಂದಾರ ನೋಡು!"

"ಅಪ್ಪಾ, ನಾ ಮಾನಸಿ. ನಿಮ್ಮ ಮಗಳು."

ಯಜ್ಞೇಶ್ವರ ಸಂಕೋಚದಿಂದ ನಕ್ಕರು, ಮನೆ ತಪ್ಪಿ ಬಂದವರೆದುರು ನಗುವ ಹಾಗೆ.

"ನಮಗ ಮಕ್ಕಳಿಲ್ರೀ."

ಬಿಸಿ ಚಹಾ ಅವಳ ಹೆಬ್ಬೆರಳ ಮೇಲೆ ಹರಿಯಿತು. ಅದು ತನ್ನ ಬೆರಳೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ನೀವು ತಗೋರಿ. ನಾ ಆಕಿ ಬಂದಮ್ಯಾಲೆ ಕುಡೀತೇನಿ."

ಹನ್ನೊಂದಾದರೂ ಅಪ್ಪ ರಕ್ತದೊತ್ತಡದ ಗುಳಿಗೆ ನುಂಗಲಿಲ್ಲ. ಮಧ್ಯಾಹ್ನ ಅನ್ನ ಮುಟ್ಟಲಿಲ್ಲ. ಬಾಗಿಲಿನತ್ತ ನೋಡುತ್ತ, ಅತಿಥಿಯ ಕ್ಷಮೆ ಕೇಳುತ್ತಲೇ ಇದ್ದರು.

"ಹಿಂಗ ಎಂದೂ ಮಾಡಾಕಿ ಅಲ್ರಿ ಆಕಿ."

ನಾಲ್ಕಾದರೂ ಗುಳಿಗೆ ಹಾಗೇ ಇತ್ತು. ಮಾನಸಿ ತನ್ನ ಕೋಣೆಗೆ ಹೋಗಿ, ಅವ್ವನ ಫೋಟೋ ಇಳಿಸಿ, ಕನ್ನಡಿಗೆ ಆನಿಸಿಟ್ಟಳು. ಹುಬ್ಬು ತೀಡುವ ಪೆನ್ಸಿಲ್‌ನಿಂದ, ಉರಿಯುವ ಚರ್ಮದ ಮೇಲೆ, ಮೂಗಿನಿಂದ ತುಟಿಯಂಚಿನವರೆಗೆ ಒಂದು ಗೆರೆ ಎಳೆದಳು. ಆಚೆಗೊಂದು. ಫೋಟೋ ನೋಡಿ ಎಡಗಡೆಯದನ್ನು ತುಸು ಉದ್ದ ಮಾಡಿದಳು.

ಹೊಸ ಚಹಾ ಹಿಡಿದು ಬಂದಳು.

"ಎಲ್ಲಿ ಹೋಗಿದ್ದಿ ತಾರಾ? ಆ ಬಾಯಾರು ಎಲ್ಲಿ?"

"ಹೋದ್ರು."

ಅಪ್ಪ ಗುಳಿಗೆ ನುಂಗಿ ಚಹಾ ಕುಡಿದರು.