ಬನಶಂಕರವ್ವನ ತಲೆಯೊಳಗಿನ ಕಾವಲುಗಾರ

ನಾನು ಕಣ್ಣಿಗೆ ಕಾಣದಷ್ಟು ಚಿಕ್ಕದೊಂದು ಕಾವಲು ಜೀವಕಣ. ಇಳಕಲ್ಲಿನ ನೇಕಾರರ ಮಗಳು ಬನಶಂಕರವ್ವ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ನಮ್ಮ ಬಳಗ ಅವಳ ಮಿದುಳಿಗೆ ಬಂದು ನೆಲೆಸಿತು.

ನನಗೆ ಹತ್ತಾರು ಕೈಗಳು. ಅವನ್ನು ಚಾಚಿ ಸುತ್ತೆಲ್ಲ ತಡವುತ್ತಿರುವುದೇ ಕೆಲಸ. ರೋಗಾಣು ನುಗ್ಗಿದರೆ ನುಂಗುತ್ತಿದ್ದೆ. ಸತ್ತದ್ದನ್ನು ಗುಡಿಸುತ್ತಿದ್ದೆ. ನೆನಪನ್ನು ನೆನಪಿಗೆ ಕಟ್ಟುವ ಗಂಟುಗಳಲ್ಲಿ ಬೇಡದ್ದನ್ನು ಕಚ್ಚಿ ತೆಗೆದು, ಬೇಕಾದದ್ದನ್ನು ಕಾಯುತ್ತಿದ್ದೆ. ಅವಳು ಕಂಡದ್ದು, ಕೇಳಿದ್ದು ಆ ಎಳೆಗಳಲ್ಲಿ ಹರಿದು ನನಗೂ ಮುಟ್ಟುತ್ತಿತ್ತು.

ಅವಳ ಬದುಕೂ ಗಂಟಿನದೇ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕುಣಿಕೆ ಹಾಕಿ ಸೇರಿಸುವುದನ್ನು ಅಲ್ಲಿ ತೆನಿ ಎನ್ನುತ್ತಾರೆ. ಮಗಳು ನೀಲಗಂಗಾ ಎದುರಿಗೆ ಕುಳಿತು ತುದಿ ಹಿಡಿಯುತ್ತಿದ್ದಳು. ಆ ಹಿಡಿತದ ನೆನಪಿನ ಗಂಟು ಇದ್ದದ್ದು ನನ್ನ ಪಕ್ಕದಲ್ಲೇ.

ಅವಳಿಗೆ ವಯಸ್ಸಾದಂತೆ ಒಳಗೆ ಅಂಟಂಟು ಗಡ್ಡೆಗಳು ಕಟ್ಟತೊಡಗಿದವು. ನಾವು ಮುತ್ತಿಗೆ ಹಾಕಿದೆವು. ಕಚ್ಚಿದೆವು, ಹರಿದೆವು, ವಿಷ ಉಗುಳಿದೆವು. ಗಡ್ಡೆ ಕರಗಲಿಲ್ಲ. ಒಬ್ಬರ ಕೂಗಿಗೆ ಇನ್ನೊಬ್ಬರು ಕೆರಳಿದೆವು. ಉರಿ ಹಬ್ಬಿತು. ಯಾರು ಶತ್ರು, ಯಾರು ನೆರೆಯವರು ಎಂಬುದೇ ಮರೆತುಹೋಯಿತು. ಆರೋಗ್ಯವಾಗಿದ್ದ ಗಂಟುಗಳನ್ನೂ ಕಚ್ಚಿ ಕಚ್ಚಿ ಉಗಿದೆ. ಗಂಡ ಸತ್ತ ನೆನಪು ಹೋಯಿತು. ಒಲೆ ಆರಿಸುವುದು ಹೋಯಿತು. ನನ್ನ ಬಾಯಿ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ನೀಲಗಂಗಾ ಅವ್ವನ ಜಡೆಗಟ್ಟಿದ ಕೂದಲು ಕತ್ತರಿಸಲು ಕೂತಳು. ಮಡಿಲಿಗೆ ಬಿದ್ದ ಎಳೆಗಳನ್ನು ನೋಡಿದ್ದೇ ಬನಶಂಕರವ್ವ ಚೀರಿದಳು.

"ಕಳ್ಳಿ! ನನ್ನ ಮಗ್ಗದ ಹಾಸು ಕೊಯ್ಯಾಕತ್ತಿಯೇನ?"

"ಯವ್ವಾ, ನೂಲಲ್ಲ, ನಿನ್ನ ಕೂದಲಾ ಇದು!"

ಮಗ್ಗದ ಮೇಲಿದ್ದ ಲಾಳಿ ತಾಯಿಯ ಕೈಗೆ ಬಂತು. ಅದರ ಕಬ್ಬಿಣದ ಮೂತಿ ನೀಲಗಂಗಾಳ ಹಣೆಗೆ ಬಡಿಯಿತು. ಮತ್ತೆ ಬಡಿಯಿತು. ರಕ್ತ ಕಣ್ಣಿಗಿಳಿದರೂ ಮಗಳು ತಾಯಿಯ ಕೈ ಬಿಡಲಿಲ್ಲ. ಬನಶಂಕರವ್ವ ಆ ಕೈಯನ್ನೂ ಕಚ್ಚಿದಳು. ಒಳಗೆ ನಾನು ಕಚ್ಚುತ್ತಿದ್ದೆ, ಹೊರಗೆ ಅವಳು.

ಆಸ್ಪತ್ರೆಯಲ್ಲಿ ವೈದ್ಯೆ ಹೇಳಿದರು: "ಮಿದುಳಿನ ಉರಿಯೂತ ಇಳಿಸೋ ಔಷಧಿ ಒಂದೈತಿ. ಇನ್ನೂ ಪರೀಕ್ಷೆ ನಡದೈತಿ, ಖಾತ್ರಿ ಇಲ್ಲ. ಹೋದದ್ದಂತೂ ತಿರುಗಿ ಬರೂದಿಲ್ಲ. ನಿಮ್ಮ ಹೆಸರೂ ಅವರ ಬಾಯಿಗೆ ಬರಲಿಕ್ಕಿಲ್ಲ."

"ಹೆಸರಿಗೇನ ಬಿಡ್ರಿ, ದಿನಾ ಒಂದು ಇಡ್ತಾಳ. ನಿನ್ನೆ ಕಳ್ಳಿ, ಇವತ್ತ ಪೊಲೀಸ," ಎಂದು ಪಟ್ಟಿ ಕಟ್ಟಿದ ಹಣೆಯ ನೀಲಗಂಗಾ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಬೆಂಕಿ ಆರಿಸ್ರಿ ಅಕ್ಕಾರ. ಸುಟ್ಟ ಮನಿ ಕಟ್ಟಿಕೊಡ್ರಿ ಅನ್ನೂದಿಲ್ಲ. ಉಳದದ್ದು ಉಳೀಲಿ."

ಔಷಧಿ ಶುರುವಾಯಿತು. ಮೊದಮೊದಲು ನನಗೇನೂ ಅನ್ನಿಸಲಿಲ್ಲ. ಎಷ್ಟೋ ವಾರಗಳ ಮೇಲೆ ಪಕ್ಕದವರ ಕೂಗು ತಗ್ಗಿತು. ನನ್ನ ಮೈ ತಣ್ಣಗಾಯಿತು. ಆಗ ನೋಡಿದೆ: ಸುತ್ತ ಹರಿದ ಎಳೆಗಳ ರಾಶಿ. ನನ್ನ ಬಾಯಲ್ಲಿ ಇನ್ನೂ ಒಂದು ಗಂಟು, ಅರ್ಧ ಕಚ್ಚಿದ್ದು; ಮಗಳು ತುದಿ ಹಿಡಿಯುತ್ತಿದ್ದ ನೆನಪಿನದೇ. ಮೆಲ್ಲಗೆ ಬಾಯಿ ಬಿಟ್ಟೆ.

ಈಗ ಬನಶಂಕರವ್ವ ಮಗ್ಗದ ಮುಂದೆ ಸುಮ್ಮನೆ ಕೂರುತ್ತಾಳೆ. ಮೊನ್ನೆ ನೀಲಗಂಗಾ ಎದುರಿಗೆ ಬಂದಾಗ ಅವಳ ಹಣೆಯ ಗಾಯದ ಕಲೆಯನ್ನು ಬೆರಳಿನಿಂದ ಸವರಿದಳು.

"ಯಾರ ಬಡದಾರ ನಿನಗ, ತಂಗಿ?"

"ಎಡವಿ ಬಿದ್ದಿದ್ನಿ."

"ನೋಡಿಕೊಂಡು ಅಡ್ಡಾಡಬಾರದೇನ?" ಎಂದು ಗದರಿ, ನೂಲಿನ ತುದಿಯನ್ನು ಅವಳ ಕೈಗಿಟ್ಟಳು. "ಹಿಡಿ. ಬಿಡಬ್ಯಾಡ ಮತ್ತ."

ಹೆಸರು ಬರಲಿಲ್ಲ. ನೀಲಗಂಗಾ ತುದಿ ಹಿಡಿದು ಕೂತಳು.

ನಾನೂ ಮುದುಕನಾಗಿದ್ದೇನೆ. ಗಡ್ಡೆಗಳು ಇಲ್ಲೇ ಇವೆ. ಮತ್ತೆ ಕೂಗೆದ್ದರೆ ನಾನೇನು ಮಾಡುವೆನೋ ನನಗೇ ಭಯ. ಸದ್ಯಕ್ಕೆ ಆ ಅರೆಗಡಿದ ಗಂಟನ್ನು ಕೈಗಳಿಂದ ತಬ್ಬಿ, ಬಾಯಿ ಮುಚ್ಚಿ ಕೂತಿದ್ದೇನೆ.