ಮೊಣಕಾಲಮ್ಮ

“ಮಧ್ಯೆ ನಿನ್ನ ಗಂಡನ್ನ ಯಾಕೆ ತುರುಕ್ತೀಯೇ, ಮುಂಡೆ? ನಮ್ಮತ್ತೆ ಹೆಸರು ಹೇಳು ಅಂದ್ರೆ ಅಷ್ಟೇ ಹೇಳ್ಬೇಕು. ಎರಡೆರಡು ಹೆಸರು ಕೇಳಿದ್ರೆ ದೇವರಿಗೆ ಗೊಂದಲ ಆಗಲ್ವಾ?”

ಮಂಚದ ಪಕ್ಕ ಮೊಣಕಾಲೂರಿದ್ದ ಹೆಂಗಸು ಮುಚ್ಚಿದ ಕಣ್ಣು ಬಿಡಲಿಲ್ಲ. ಗಂಡನ ಹೆಸರು ಬಾಯಿತಪ್ಪಿ ಬಂದುಬಿಟ್ಟಿತ್ತು. “ತಪ್ಪಾಯ್ತು ಅಮ್ಮಾವ್ರೇ” ಎಂದು ಮತ್ತೆ ಮೊದಲಿನಿಂದ ಶುರುಮಾಡಿದಳು. “ಪರಲೋಕದಲ್ಲಿರೋ ಅಪ್ಪಾ, ನಮ್ಮ ಧಣಿಯೋರ ತಾಯಿಗೆ ಉಸಿರು ಕೊಡಪ್ಪಾ...”

ಅವಳು ಆ ಮನೆಗೆ ಬಂದದ್ದು ನೆಲ ಒರೆಸಲು. ಜಲ್ಲಿ ಕ್ರಷರಿನ ಧಣಿಯ ಮನೆ ಅದು. ಒಮ್ಮೆ ಒರೆಸುತ್ತಿದ್ದಾಗ ಮುದುಕಿಗೆ ಉಸಿರು ಸಿಕ್ಕಿಹಾಕಿಕೊಂಡು ಕಣ್ಣು ಮೇಲಾಯಿತು. ಇವಳಿಗೆ ಕರುಳು ಚುರುಕ್ ಎಂದು, ಒದ್ದೆಬಟ್ಟೆ ಬಿಸಾಕಿ ಅಲ್ಲೇ ಮಂಡಿಯೂರಿ ಏನೋ ಗೊಣಗಿದಳು. ಸ್ವಲ್ಪ ಹೊತ್ತಿಗೆ ಮುದುಕಿ ನಿದ್ದೆಹೋದಳು. ಅಷ್ಟೇ ಆದದ್ದು. ಆದರೆ ಬಡವರ ಮೊರೆ ದೇವರ ಕಿವಿಗೆ ಬೇಗ ಬೀಳುತ್ತದೆಂದು ಪಾದ್ರಿ ಅದೇ ವಾರ ಚರ್ಚಿನಲ್ಲಿ ಹೇಳಿದ್ದ. ಧಣಿಯ ಹೆಂಡತಿ ಅಮ್ಮಾವ್ರು ಎರಡನ್ನೂ ಕೂಡಿಸಿ ನೋಡಿದರು. ಅಂದಿನಿಂದ ಕಸ, ಮುಸುರೆಯ ಜೊತೆಗೆ ಮಂಡಿಯೂರುವುದೂ ಅವಳ ಪಾಲಿನ ಕೆಲಸವಾಯಿತು. ಮಂಡಿಯ ಚರ್ಮ ದಡ್ಡುಗಟ್ಟಿತು.

ಕೂಲಿಯವರ ಗುಡಿಸಲ ಸಾಲಿನಲ್ಲಿ ಹೆಂಗಸರು ಅವಳಿಗೆ ಮೊಣಕಾಲಮ್ಮ ಎಂದೇ ಹೆಸರಿಟ್ಟರು.

“ಏ ಮೊಣಕಾಲಮ್ಮ, ನಿನ್ನ ದೇವರಿಗೆ ಹೇಳಿ ನಮಗೊಬ್ಬ ಒಳ್ಳೆ ಮೇಸ್ತ್ರಿ ಕೊಡಿಸೇ.”

“ಕೇಳ್ದೆ ಕಣ್ರೇ. ಸ್ಟಾಕ್ ಇಲ್ವಂತೆ.”

ನಗುವುದು ಸಾಲಿನವರೆಗೆ ಮಾತ್ರ. ಗುಡಿಸಲೊಳಗೆ ಗಂಡ ಗೋಡೆಗೊರಗಿ ಕೂತಿರುತ್ತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕ್ರಷರಿನ ಬಾಯಿಗೆ ಕಲ್ಲು ಹಾಕುತ್ತಾ ಹಾಕುತ್ತಾ ಅದು ಕಾರಿದ ಧೂಳನ್ನೆಲ್ಲ ಇವನು ನುಂಗಿದ್ದ. ಅವನ ಎದೆಯೊಳಗೆ ಮಾಂಸ ಉಳಿದಿಲ್ಲ, ಇರುವುದೆಲ್ಲ ಜಲ್ಲಿಪುಡಿಯೇ ಎಂದು ಡಾಕ್ಟರು ಹೇಳಿಯಾಗಿತ್ತು.

“ಇವತ್ತಾದ್ರೂ ನನ್ನ ಹೆಸರು ಹೇಳಿದ್ಯಾ?” ಎಂದು ಕೇಳಿದ.

“ಹೇಳ್ದೆ ಕಣಯ್ಯ.”

“ಏನಂದ?”

“ನೋಡ್ತೀನಿ ಅಂದ.”

“ಎಲ್ಲಾ ಧಣಿಗಳೂ ಹಂಗೇ ಅನ್ನೋದು” ಎಂದು ನಗಲು ಹೋದವನು ಕೆಮ್ಮಿ ಕೆಮ್ಮಿ ನೀಲಿಯಾದ. ಅವಳು ಬೆನ್ನು ನೀವುತ್ತಾ ಕೂತಳು. ನೀವುವುದೊಂದು ಬಿಟ್ಟರೆ ಅವಳ ಕೈಯಲ್ಲಿ ಬೇರೇನೂ ಇರಲಿಲ್ಲ.

ಮುದುಕಿ ಚೇತರಿಸಿಕೊಂಡಳು. ಅವಳಿಗೆಂದು ತರಿಸಿದ್ದ ಉಸಿರಿನ ಮಿಷನ್ನು ಹಾಲಿನ ಮೂಲೆ ಸೇರಿತು. ಅಮ್ಮಾವ್ರು ಅದರ ಮೇಲೆ ಕಸೂತಿಬಟ್ಟೆ ಹಾಸಿ ಹೂದಾನಿ ಇಟ್ಟರು. ಮೊಣಕಾಲಮ್ಮ ದಿನಾ ಅದರ ಧೂಳು ಒರೆಸಿದಳು. ಒಂದು ಬೆಳಿಗ್ಗೆ ಧೈರ್ಯ ಮಾಡಿ ಧಣಿಯ ಮುಂದೆ ನಿಂತಳು.

“ಧಣೀ, ಆ ಮಿಷನ್ನು ಸುಮ್ನೆ ನಿಂತಿದೆ. ನಮ್ಮನೆಯವ್ರಿಗೆ ನಾಕು ದಿನ ಕೊಟ್ರೆ...”

ಧಣಿ ಬೂಟಿನ ದಾರ ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ. “ಕೂಲಿಯವನ ಮೂಗಿಗೆ ಹಾಕಿದ್ದನ್ನ ಆಮೇಲೆ ನಮ್ಮಮ್ಮನ ಮೂಗಿಗೆ ಹಾಕ್ಲಾ? ಕೇಳೋದಿದ್ರೆ ಮೇಲಿರೋನ್ನ ಕೇಳು. ನಮಗೆ ಕೊಡ್ಲಿಲ್ವಾ? ನಿನಗೆ ಕೊಟ್ಟಿಲ್ಲ ಅಂದ್ರೆ ನಿನ್ನ ನಂಬಿಕೆಲೇ ಹುಳ ಬಿದ್ದಿದೆ.”

ಭಾನುವಾರ ಸಂಜೆ ಮನೆಯಲ್ಲಿ ಕೃತಜ್ಞತೆಯ ಪ್ರಾರ್ಥನೆ. ಹಾಲಿನ ತುಂಬ ಜನ. ದೇವರ ಕೈ ಮುಚ್ಚಿ ಗೊತ್ತಿಲ್ಲದ ಕೈ, ನಂಬಿ ಕೇಳಿದವನಿಗೆ ಅವನು ಅಳೆದು ಕೊಡುವುದಿಲ್ಲ, ಸುರಿದು ಕೊಡುತ್ತಾನೆ ಎಂದು ಪಾದ್ರಿ ಬೋಧಿಸಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಇವಳನ್ನು ಕರೆದ.

“ಬಾಮ್ಮಾ, ಸಾಕ್ಷಿ ಹೇಳು. ದೇವರು ಕೊಟ್ಟ ಅಂತ ನಿನ್ನ ಬಾಯಿಂದಲೇ ಬರಲಿ.”

ಅಮ್ಮಾವ್ರ ಕಣ್ಣು ಅವಳ ಮೇಲೆಯೇ ಇತ್ತು. “ಕೊಟ್ಟ” ಎಂದಳು. “ದೊಡ್ಡಮ್ಮಾವ್ರಿಗೆ ಕೊಟ್ಟ.”

“ಸ್ತೋತ್ರ!” ಎಂದಿತು ನೆರೆದ ಜನ. ಎಲ್ಲರೂ ತಲೆಬಾಗಿ ಕಣ್ಣು ಮುಚ್ಚಿದರು. ಪಾದ್ರಿಯ ಪ್ರಾರ್ಥನೆ ಶುರುವಾದರೆ ಬೇಗ ಮುಗಿಯುವಂಥದ್ದಲ್ಲ. ಮೊಣಕಾಲಮ್ಮ ಕಣ್ಣು ತೆರೆದಳು. ಹೂದಾನಿಯನ್ನು ಸದ್ದಾಗದಂತೆ ನೆಲಕ್ಕಿಟ್ಟಳು, ಬಟ್ಟೆ ಮಡಿಸಿಟ್ಟಳು. ಜಲ್ಲಿ ಪುಟ್ಟಿ ಹೊತ್ತ ಸೊಂಟ. ಮಿಷನ್ನು ಅವಳ ಒಂದೇ ಹೂಂಕಾರಕ್ಕೆ ಮೇಲೆದ್ದಿತು. ಆ ಸದ್ದಿಗೆ ಮುದುಕಿಯೊಬ್ಬಳೇ ಕಣ್ಣು ಬಿಟ್ಟಳು. ಇವಳನ್ನು ನೋಡಿದಳು, ಮಿಷನ್ನನ್ನು ನೋಡಿದಳು, ಮತ್ತೆ ಕಣ್ಣು ಮುಚ್ಚಿಕೊಂಡಳು.

ಗುಡಿಸಲಿಗೆ ಕರೆಂಟಿಲ್ಲ. ಚರ್ಚಿಗಿತ್ತು. ಬಲಿಪೀಠದ ಪಕ್ಕ, ಮೈಕಿಗೆಂದು ಹಾಕಿಸಿದ ಪ್ಲಗ್ಗಿನ ಬಳಿ ಮಿಷನ್ನು ಇಳಿಸಿ ಸಾಲಿಗೆ ಓಡಿದಳು. ಗಂಡನನ್ನು ಬೆನ್ನಿಗೆ ಹಾಕಿಕೊಂಡಳು.

“ಎಲ್ಲಿಗೇ?”

“ಬಾಯಿ ಮುಚ್ಕೊಂಡು ಕತ್ತು ಹಿಡ್ಕೋ.”

ಮುಂದಿನ ಬೆಂಚಿನ ಮೇಲೆ ಅವನನ್ನು ಒರಗಿಸಿ, ಮುದುಕಿಗೆ ಹಾಕುತ್ತಿದ್ದುದನ್ನು ನೋಡಿ ಕಲಿತಂತೆ ನಳಿಕೆ ಮೂಗಿಗೆ ಸಿಕ್ಕಿಸಿದಳು. ಮಿಷನ್ನು ಗುಂಯ್‌ಗುಟ್ಟಿತು. ಅವನ ಹೆಗಲೆರಡೂ ನಿಧಾನಕ್ಕೆ ಕೆಳಗಿಳಿದವು.

“ಕೇಳಿ ತಂದ್ಯಾ?”

“ಕೇಳ್ದೆ. ಎಷ್ಟೊಂದು ಸಲ ಕೇಳ್ದೆ.”

ಹೊರಗೆ ಕಾಲ ಸದ್ದು. ಧಣಿ, ಪಾದ್ರಿ, ಹಿಂದೆ ಹಾಲಿನಲ್ಲಿದ್ದ ಜನವೆಲ್ಲ.

“ಕಳ್ಳ ಬೋಳಿ! ಕಿತ್ತು ಬಿಸಾಕ್ರೋ ಆ ಪ್ಲಗ್ಗನ್ನ!” ಎಂದು ಧಣಿ ಅರಚಿದ.

ಅವಳು ಪ್ಲಗ್ಗಿಗೆ ಬೆನ್ನೊತ್ತಿ ನಿಂತಳು. ಯಾರೂ ಮುಂದೆ ಬರಲಿಲ್ಲ.

“ತಂಗೀ, ಇದು ದೇವರ ಮನೆ” ಎಂದ ಪಾದ್ರಿ ಮೆತ್ತಗೆ. “ಮಂಡಿಯೂರಿ ಕ್ಷಮೆ ಕೇಳು. ಅವನು ದಯಾಳು.”

“ಮಂಡಿ ಇನ್ನು ಬಗ್ಗಲ್ಲ ಸ್ವಾಮಿ.”

ಧಣಿ ಬಾಗಿಲ ಹಿಂದೆ ಹೋಗಿ ಮೇನ್ ಸ್ವಿಚ್ಚು ಕೆಳಗೆಳೆದ.

ದೀಪ ಹೋಯಿತು. ಮಿಷನ್ನು ಉದ್ದಕ್ಕೆ ಕೂಗಿ ಸುಮ್ಮನಾಯಿತು. ಕತ್ತಲಲ್ಲಿ ಅವನ ಎದೆಯೊಳಗಿನ ಸದ್ದು, ಜಲ್ಲಿಯ ಮೇಲೆ ಜಲ್ಲಿ ಎಳೆದಂತೆ, ಕಡೆಯ ಬೆಂಚಿನವರೆಗೂ ಕೇಳಿಸಿತು. ಮೊಣಕಾಲಮ್ಮ ತಡವರಿಸುತ್ತಾ ಹೋಗಿ ಅವನ ಮೂಗಿನ ನಳಿಕೆ ಕಿತ್ತಳು. ಅವನ ಬಾಯಿಗೆ ಬಾಯಿಟ್ಟು ಊದಿದಳು. ತಲೆ ಎತ್ತಿ ಉಸಿರೆಳೆದುಕೊಂಡು ಮತ್ತೆ ಊದಿದಳು. ಬಾಗಿಲಲ್ಲಿ ನಿಂತವರು ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.

ಧಣಿ ಸ್ವಿಚ್ಚಿನ ಮೇಲಿಂದ ಕೈ ತೆಗೆಯಲಿಲ್ಲ.