ಎಡಗೈಯ ಡಬ್ಬಿ

ಚನ್ನಮ್ಮ ಗಂಡ ಕರಬಸಪ್ಪನವರ ಎಡತೋಳಿಗೆ ಮುಲಾಮು ತಿಕ್ಕುತ್ತಿದ್ದರು. ತಣ್ಣಗಾದ ಚರ್ಮದ ಮೇಲೆ ಅದು ಹರಡಲೊಲ್ಲದೆ ಬೆರಳಿಗೇ ಅಂಟುತ್ತಿತ್ತು.

“ಈಗ್ಯಾಕ್ರೀ ಅಕ್ಕಾರ ಅದು?” ದಾನಪ್ಪ ವಿಭೂತಿಯ ತಟ್ಟೆ ಹಿಡಿದು ನಿಂತಿದ್ದರು. ಪರದೇಶದ ಊರು ಸ್ಟರ್ಲಿಂಗಿನ ಫ್ಯೂನರಲ್ ಹೋಮಿನವರು ಅಂತ್ಯಕ್ರಿಯೆಗೆ ಮೊದಲು ಮನೆಯವರಿಗೆಂದು ಒಂದು ತಾಸು ಬಿಟ್ಟುಕೊಟ್ಟಿದ್ದರು.

“ಒಣಗೇತ್ರಿ. ಇದರ ಮ್ಯಾಲ ವಿಭೂತಿ ನಿಲ್ಲಂಗಿಲ್ಲ.”

ಕರಬಸಪ್ಪನವರ ಎರಡೂ ತೋಳುಗಳಲ್ಲಿ, ಅಂಗೈಯವರೆಗೂ, ಸೋರಿಯಾಸಿಸ್ಸಿನ ಕೆಂಪು ಕಲೆಗಳು; ಅವುಗಳ ಮೇಲೆ ಬೆಳ್ಳನೆಯ ಹೊಟ್ಟು. ಮೂವತ್ತು ವರ್ಷದ ಗೆಳೆಯ ದಾನಪ್ಪ ಈ ತೋಳುಗಳನ್ನು ನೋಡಿದ್ದು ಇದೇ ಮೊದಲು.

“ಜುಲೈದಾಗೂ ಫುಲ್ ಸ್ಲೀವ್ ಹಾಕ್ತಿದ್ದ. ‘ಪಿಕ್ನಿಕ್ಕಿಗೂ ಆಫೀಸ್ ಹೊತ್ಕೊಂಡ್ ಬಂದೀಯೇನಪಾ’ ಅಂತ ಚ್ಯಾಷ್ಟಿ ಮಾಡ್ತಿದ್ದೆ. ನಗ್ತಿದ್ದ. ಒಂದ್ ದಿನಾನೂ ಬಾಯಿ ಬಿಡಲಿಲ್ಲ ನೋಡ್ರಿ.”

ಮಗ ಅಮೃತ್ ಹತ್ತಿರ ಬಂದ. “ಅಮ್ಮಾ, ಸ್ಲೀವ್ಸ್ ಡೌನ್ ಮಾಡ್ಲಾ? ಎಲ್ಲಾ ಜನ ನೋಡ್ತಾರೆ. ಡ್ಯಾಡ್‌ಗೆ ಇಷ್ಟ ಆಗಲ್ಲ.”

“ತಡಿಯಪ್ಪಾ. ವಿಭೂತಿ ಆಗ್ಲಿ.”

ದಾನಪ್ಪ ಹಣೆಗೆ, ಎದೆಗೆ, ತೋಳುಗಳಿಗೆ ಮೂರು ಮೂರು ಬೆರಳು ಎಳೆದರು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬೆರಳು ಮಡಿಚುವಾಗ ಅವರು ಹೇಳುತ್ತಿದ್ದ ವಚನ ಅರ್ಧಕ್ಕೇ ನಿಂತು, ಮತ್ತೆ ಮೊದಲಿನಿಂದ ಶುರುವಾಯಿತು.

ಅಷ್ಟರಲ್ಲಿ ರಚನಾ ಬಂದಳು. ಪಕ್ಕದ ರೆಸ್ಟನ್ನಿನ ಸಂಶೋಧನಾ ಲ್ಯಾಬಿನಲ್ಲಿ ಕರಬಸಪ್ಪನವರ ಕೈಕೆಳಗೆ ಎಂಟು ವರ್ಷ ಪಳಗಿದವಳು, ಮೈಸೂರಿನವಳು. ಎದೆಗವಚಿಕೊಂಡಿದ್ದ ಹಸಿರು ರಟ್ಟಿನ ನೋಟ್‌ಬುಕ್ಕು ಅವರದೇ.

“ಆಂಟಿ, ಹೊರಗೆ ಎಲ್ಲರ ಮುಂದೆ ಐದ್ ನಿಮಿಷ ಮಾತಾಡಿ ಅಂತ ಅಮೃತ್ ನಂಗೆ ಹೇಳಿದಾನೆ. ನಾನು ಅಂಕಲ್‌ದು ಲಾಸ್ಟ್ ಪೇಜ್ ಓದ್ಬೇಕು ಅಂತಿದೀನಿ. ಓಕೇನಾ?” ಅಲ್ಲೇ ಓದಿದಳು: “‘ಎರಡೂ ಕೈ ಒಂದೇ ಸಮ ವಾಸಿಯಾಗಿವೆ. ಜೋಳದ ಕೊಬ್ಬಿನಲ್ಲಿ ವಿಶೇಷವೇನೂ ಇಲ್ಲ. ಹನ್ನೊಂದು ವರ್ಷ ನಾನು ನಂಬಿದ್ದು ತಪ್ಪು.’ ಯಾರು ಬರೀತಾರೆ ಆಂಟಿ, ತಮ್ಮ ಕೆಲಸ ಫೇಲ್ ಆಯ್ತು ಅಂತ? ಅವರೇ ಲ್ಯಾಬಿಗೆ ಬಂದು ‘ಬಿಟ್ಬಿಡ್ರಮ್ಮಾ’ ಅಂದ್ರು. ನಾವೂ ಜೋಳದ ರಿಸರ್ಚ್ ಬಿಟ್ವಿ.”

ಚನ್ನಮ್ಮ ಡಬ್ಬಿಯ ಮುಚ್ಚಳ ತಿರುಗಿಸಿದರು. ಅದು ಸರಿಯಾಗಿ ಕೂಡಲಿಲ್ಲ.

*

2021ರ ಚಳಿಗಾಲ. ನಿವೃತ್ತರಾಗಿದ್ದ ಕರಬಸಪ್ಪ ಊಟದ ಮೇಜಿನ ಮೇಲೆ ಎರಡು ಡಬ್ಬಿ ಇಟ್ಟರು. ‘ಬಲ’ ಎಂದು ಬರೆದಿದ್ದರಲ್ಲಿ ಬಿಳಿಜೋಳದ ತೌಡಿನಿಂದ ತೆಗೆದ ಕೊಬ್ಬು ಬೆರೆಸಿದ ಮುಲಾಮು. ‘ಎಡ’ ಎಂದಿದ್ದರಲ್ಲಿ ಬರೀ ಮುಲಾಮು.

“ಚರ್ಮದಾಗಿನ ಕೊಬ್ಬು ಸವದು ಸಂದು ಬಿದ್ದಾವ. ಗ್ವಾಡಿಗೆ ಸಿಮೆಂಟಿನ ಗಿಲಾವ್ ಮಾಡಿದಂಗ ಇದು ತುಂಬತೈತೇನೋ ನೋಡೂನು.”

“ಹಂಗಿದ್ರ ಎರಡೂ ಕೈಗೆ ಹಚ್ಕೋರಿ.”

“ಹಚ್ಕೊಂಡ್ರ ಯಾವುದರಿಂದ ಆರಿತು ಅಂತ ಹೆಂಗ ತಿಳೀಬೇಕು? ಒಂದ್ ಕೈ ಬಿಟ್ಟುಕೊಡಬೇಕಾಗ್ತೈತಿ, ಚನ್ನೀ.”

ಆರನೇ ವಾರಕ್ಕೆ ಬಲಗೈ ಮೆತ್ತಗಾಯಿತು. ಎಡಗೈ ಬಿರಿಯಿತು. ಒಂದು ಬೆಳಿಗ್ಗೆ ಪೂಜೆಗೆ ಕೂತಾಗ ಎಡ ಅಂಗೈಯ ಮೇಲಿನ ಲಿಂಗದ ಕೆಳಗೆ, ಬಿಳಿ ವಸ್ತ್ರದಲ್ಲಿ, ರಕ್ತ ಕಂಡಿತು. ಕರಬಸಪ್ಪ ಅದನ್ನು ಮಡಿಚಿಟ್ಟು, ಬೇರೆ ವಸ್ತ್ರ ತೆಗೆದುಕೊಂಡು, ಕಣ್ಣು ಮುಚ್ಚಿದರು.

ಆ ಕಣ್ಣು ತೆರೆಯುವುದರೊಳಗೆ ಚನ್ನಮ್ಮ ಅಡುಗೆಮನೆಯಲ್ಲಿ ಬಲದ ಡಬ್ಬಿಯಿಂದ ಎರಡು ಚಮಚ ತೆಗೆದು ಎಡದ್ದಕ್ಕೆ ಕಲೆಸಿದ್ದರು. ಚಮಚವನ್ನು ಎರಡು ಸಲ ತೊಳೆದರು. ಆಮೇಲೆ ಪ್ರತಿ ಸಲ ಹೊಸ ಡಬ್ಬಿ ತುಂಬಿದಾಗಲೂ ಹಾಗೆಯೇ. ಕೋವಿಡ್ ಬಂದು ಹೋದಾಗಿನಿಂದ ಕರಬಸಪ್ಪನವರಿಗೆ ವಾಸನೆ ಹತ್ತುತ್ತಿರಲಿಲ್ಲ; ಎಡದ ಡಬ್ಬಿಗೂ ಜೋಳದ ವಾಸನೆ ಬಂದದ್ದು ಅವರಿಗೆ ತಿಳಿಯಲಿಲ್ಲ.

ಎಡಗೈಯೂ ಆರಿತು. ಅಂದು ಅವರು ಎರಡೂ ಕೈಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಆರೇತಲ್ಲ, ಇನ್ಯಾಕ ಮಾರಿ ಸಣ್ಣ ಮಾಡೀರಿ?” ಎಂದು ಚನ್ನಮ್ಮ ಕೇಳಿದರು.

“ಎರಡೂ ಆರಬಾರದಿತ್ತು.”

ಮುಲಾಮು ಮಾಡುವುದು ನಿಂತಿತು. ಬೇಸಿಗೆಗೆ ಎರಡೂ ಕೈ ಮತ್ತೆ ಕೆಂಪಾದವು. ಹೇಳಬೇಕೆಂದು ಚನ್ನಮ್ಮ ಎಷ್ಟೋ ಸಲ ಎದುರು ಹೋಗಿ ಕೂತರು. ಹೇಳಿದ್ದರೆ ಅವರು ಬೈಯುತ್ತಿರಲಿಲ್ಲ. ಮರುದಿನವೇ ಮತ್ತೆ ಒಂದು ಕೈಯನ್ನು ಬಿರಿಯಲು ಬಿಡುತ್ತಿದ್ದರು. ಅದಕ್ಕೇ ಚನ್ನಮ್ಮ ಚಹಾ ಬೇಕೇನ್ರಿ ಎಂದು ಕೇಳಿ ಎದ್ದುಬಿಡುತ್ತಿದ್ದರು. ತಳದಲ್ಲಿ ಒಂದಿಷ್ಟು ಮುಲಾಮು ಉಳಿದಿದ್ದ ಎಡದ ಡಬ್ಬಿ ಮೂರು ವರ್ಷ ಫ್ರಿಜ್ಜಿನಲ್ಲಿ, ಉಪ್ಪಿನಕಾಯಿಯ ಹಿಂದೆ ಇತ್ತು.

*

ದಾನಪ್ಪ, ಅಮೃತ್ ಬಂದವರನ್ನು ಕೂರಿಸಲು ಹೋಗಿದ್ದರು; ಹೊರಗೆ ಕುರ್ಚಿಗಳು ತುಂಬುತ್ತಿದ್ದ ಸದ್ದು. ರಚನಾ ಬಾಗಿಲ ಕಡೆ ಹೊರಟಿದ್ದಳು.

“ರಚನಾ, ಅದನ್ನ ಓದಬ್ಯಾಡವ್ವಾ.”

“ಯಾಕೆ ಆಂಟಿ? ಅಂಕಲ್‌ದು ಎಷ್ಟು ದೊಡ್ಡ ಗುಣ ಇದು—”

ಚನ್ನಮ್ಮ ಡಬ್ಬಿ ಚಾಚಿದರು. “ಮೂಸಿ ನೋಡು.”

ರಚನಾ ಮುಚ್ಚಳ ತೆಗೆದಳು. ಹಳತಾಗಿದ್ದರೂ, ರೊಟ್ಟಿ ಬಡಿಯುವಾಗ ಏಳುವ ಹಿಟ್ಟಿನ ವಾಸನೆ. “ಜೋಳದ್ದು. ರೈಟ್ ಹ್ಯಾಂಡಿಂದು ಅಲ್ವಾ?”

“ಚೀಟಿ ಓದು.”

ರಚನಾ ಡಬ್ಬಿಯನ್ನು ತಿರುಗಿಸಿದಳು. ‘ಎಡ’ ಎಂದಿತ್ತು, ಕರಬಸಪ್ಪನವರ ಗುಂಡನೆಯ ಅಕ್ಷರದಲ್ಲಿ. ಅವಳು ಡಬ್ಬಿಯನ್ನೊಮ್ಮೆ, ಚನ್ನಮ್ಮನವರನ್ನೊಮ್ಮೆ ನೋಡಿದಳು.

“ಯಾವಾಗಿಂದ ಆಂಟಿ?”

“ಏಳನೇ ವಾರದಿಂದ. ನಾನ ಕಲಸ್ತಿದ್ದೆ. ರಕ್ತ ಬರ್ತಿತ್ತವ್ವಾ ಕೈಯಾಗ.”

ರಚನಾ ಡಬ್ಬಿಯ ಮುಚ್ಚಳ ಹಾಕಿದಳು. “ಅಂಕಲ್‌ಗೆ ಗೊತ್ತಿತ್ತಾ?”

ಚನ್ನಮ್ಮ ತಲೆ ಅಲ್ಲಾಡಿಸಿದರು. “ಹಂಗಾರ ಅದು ಗುಣಾ ಮಾಡ್ತಿತ್ತೇನು?”

“ಗೊತ್ತಿಲ್ಲ ಆಂಟಿ. ಒಬ್ರ ಕೈ ನೋಡಿ ಹೌದು ಅನ್ನೋಕಾಗಲ್ಲ. ಆದ್ರೆ ಇಲ್ಲ ಅಂತ ಬರೆದಿದಾರಲ್ಲ, ಅದೂ ಅನ್ನೋಕಾಗಲ್ಲ.”

“ಆ ಹಾಳಿ ಹರದು ಬಿಡು.”

“ಹರೀಬಾರ್ದು. ಅಂಕಲ್ ನಮಗೆ ಅಳಿಸೋಕೂ ಬಿಡ್ತಿರಲಿಲ್ಲ. ತಪ್ಪಾದ್ರೆ ಒಂದು ಗೆರೆ. ಪಕ್ಕದಲ್ಲಿ ಏನಾಯ್ತು ಅಂತ, ತಾರೀಖು, ಸಹಿ. ತಪ್ಪು ಮಾಡಿದವರೇ ಹಾಕ್ಬೇಕು.” ಅವಳು ನೋಟ್‌ಬುಕ್ಕು ಬಿಚ್ಚಿ ಪೆನ್ನು ಕೊಟ್ಟಳು.

“ಅಕ್ಕಾರ, ಹೊತ್ತಾತ್ರಿ,” ಎಂದು ದಾನಪ್ಪ ಬಾಗಿಲಿನಿಂದ ಕರೆದರು.

ಚನ್ನಮ್ಮ ಎಡಗೈಯಿಂದ ಹಾಳೆಯನ್ನು ಒತ್ತಿ ಹಿಡಿದು ಗಂಡನ ಕೊನೆಯ ಸಾಲುಗಳ ಮೇಲೆ ಗೆರೆ ಎಳೆದರು. ಕೆಳಗೆ ಬರೆದರು: ‘ಎಡದ ಡಬ್ಬಿಗೆ ಬಲದ್ದನ್ನು ನಾನು ಕಲೆಸಿದೆ.’ ತಾರೀಖು ಹಾಕಿ ಸಹಿ ಮಾಡಿ ಕೈ ತೆಗೆದಾಗ, ಹೆಬ್ಬೆರಳು ಊರಿದ್ದ ಕಡೆ ಮುಲಾಮು ಕಾಗದಕ್ಕೆ ಇಳಿದು ಒಂದು ಸುತ್ತು ಬೆಳಕು ಹಾಯುವಷ್ಟು ತೆಳ್ಳಗಾಗಿತ್ತು. ರಚನಾ ಹಾಳೆಯನ್ನು ಬೆಳಕಿಗೆ ಎತ್ತಿದಳು. ಆ ಸುತ್ತಿನೊಳಗಿಂದ, ಹಿಂಬದಿಯ ಪುಟದಲ್ಲಿ ಕರಬಸಪ್ಪನವರು ಬರೆದಿದ್ದ ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತಿದ್ದವು.